ಮಾಗಿಯ ಬೆಳಕಿನಲ್ಲಿ ಮನೆಯ ಸುತ್ತಮುತ್ತ

ಚಳಿಗಾಲದ ಛಾಯಾಚಿತ್ರವೆಂದರೆ ಬಹುಜನರ ಮನಸ್ಸಿಗೆ ಬರುವುದು ಹಿಮಾಲಯದ ಹಿಮ, ಕಾಶ್ಮೀರದ ಸರೋವರ, ಇಲ್ಲವೇ ಪಾಶ್ಚಾತ್ಯ ದೇಶಗಳ ಎಲೆಯುದುರಿದ ಮರಗಳು. ಗೋಡೆಯ ಮೇಲಿನ ಕ್ಯಾಲೆಂಡರುಗಳು ನಮಗೆಲ್ಲ ಕಲಿಸಿಕೊಟ್ಟ ಚಳಿಗಾಲವದು. ಗದಗಿನಂಥ ಬಯಲುಸೀಮೆಯ ಊರಿನಲ್ಲಿ ಕೊರಳಿಗೆ ಕ್ಯಾಮರಾ ಹಾಕಿಕೊಂಡು ನಸುಕಿನಲ್ಲಿ ಹೊರಟವನನ್ನು ಕಂಡು, "ಇಲ್ಲೇನೈತಿ ತಗೀಲಿಕ್ಕೆ?" ಎಂದು ಕೇಳುವವರೇ ಹೆಚ್ಚು. ಮೂವತ್ತಕ್ಕೂ ಮಿಕ್ಕಿದ ಮಾಗಿಗಳಿಂದ ನಾವು ಈ ಪ್ರಶ್ನೆಯನ್ನು ಎದುರಿಸುತ್ತ ಬಂದಿದ್ದೇವೆ. ಮಕ್ಕಳಿಗೆ ಪಾಠ ಹೇಳುವುದು ನಮ್ಮ ವೃತ್ತಿಯಾಗಿತ್ತು. ಛಾಯಾಗ್ರಹಣವು ಕೇವಲ ಹವ್ಯಾಸ. ಸೈಕಲ್ಲಿನ ಮೇಲೆ ಹೋಗಿ ಶಾಲೆಯ ಗಂಟೆ ಬಾರಿಸುವುದರೊಳಗಾಗಿ ತಿರುಗಿ ಬರಬಹುದಾದಷ್ಟು ದೂರವೇ ನಮ್ಮ ಕ್ಯಾಮರಾದ ಸೀಮೆ. ವೃತ್ತಿಯಿಂದ ನಿವೃತ್ತರಾದ ಮೇಲೂ ಆ ಸೀಮೆಯನ್ನು ನಾವು ಹೆಚ್ಚು ವಿಸ್ತರಿಸಲಿಲ್ಲ. ಅಷ್ಟರಲ್ಲಿಯೇ ಮುಗಿಯದಷ್ಟು ಇದೆ ಎಂಬುದು ನಮ್ಮ ಅನುಭವ.

ಹತ್ತಿರದ್ದನ್ನೇ ನೋಡಿ ದೊಡ್ಡ ಕೆಲಸ ಮಾಡಿದವರು ನಮ್ಮ ನಾಡಿನಲ್ಲಿದ್ದಾರೆ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ತಮ್ಮ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ವರ್ಷಗಟ್ಟಲೆ ಅಲೆದರು. ಸಂಡೂರಿನ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ರಾಜ್ಯದ ಹಣಕಾಸು ಸಚಿವರಾಗಿದ್ದವರು. ಆದರೂ ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗಾಗಿ ಅವರ ಹೆಸರು ಅಷ್ಟೇ ಪ್ರಸಿದ್ಧವಾಯಿತು. ಅಂಥ ಹಿರಿಯರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನಮಗಿಲ್ಲ. ಒಬ್ಬ ಸಾಮಾನ್ಯ ಗೃಹಸ್ಥನು ತನ್ನ ಮನೆಯ ಆಸುಪಾಸಿನಲ್ಲಿ ಏನನ್ನು ಕಾಣಬಹುದು, ಅದರಿಂದ ಕುಟುಂಬಗಳಿಗೆ ಯಾವ ಪ್ರಯೋಜನವಾದೀತು ಎಂಬಷ್ಟನ್ನು ಮಾತ್ರ ಇಲ್ಲಿ ನಿವೇದಿಸುತ್ತೇವೆ.

ಮೊದಲು ಬೆಳಕಿನ ಮಾತು. ನಮ್ಮ ಭಾಗದಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಕಂಬದ ನೆರಳು ಕಂಬದ ಬುಡದಲ್ಲಿಯೇ ಅಡಗಿಬಿಡುತ್ತದೆ. ಮನುಷ್ಯನ ಹುಬ್ಬಿನ ಕೆಳಗೆ ಕಪ್ಪು ಕವಿಯುತ್ತದೆ. ಗಿಡ, ಗುಡ್ಡ, ಗುಡಿ ಎಲ್ಲವೂ ಚಪ್ಪಟೆಯಾಗಿ ಕಾಣುತ್ತವೆ. ಡಿಸೆಂಬರ್ ೨೧–೨೨ರ ಸುಮಾರಿಗೆ ಇದರ ಸ್ಥಿತಿಯೇ ಬೇರೆ. ಸೂರ್ಯನು ದಕ್ಷಿಣಕ್ಕೆ ಅತ್ಯಂತ ದೂರ ಸರಿದಿರುವ ಆ ದಿನಗಳಲ್ಲಿ ಹತ್ತು ಅಡಿಯ ಕಂಬಕ್ಕೆ ನಡುಹಗಲಿನಲ್ಲಿಯೂ ಎಂಟು ಅಡಿಯಷ್ಟು ನೆರಳಿರುತ್ತದೆ. ಬೆಳಕು ದಿನವಿಡೀ ಓರೆಯಾಗಿ ಬೀಳುವುದರಿಂದ ನೇಗಿಲ ಸಾಲಿನ ಒಂದೊಂದು ಹೆಂಟೆಗೂ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ನೆರಳು ದೊರೆಯುತ್ತದೆ. ಲಕ್ಕುಂಡಿಯ ಗುಡಿಗಳ ಕಂಬಗಳ ಸೂಕ್ಷ್ಮ ಕೆತ್ತನೆಯಾಗಲಿ, ಮುಪ್ಪಿನ ಮುಖದ ಗೆರೆಗಳಾಗಲಿ, ಈ ಓರೆ ಬೆಳಕಿನಲ್ಲಿ ತಾವೇ ಎದ್ದು ನಿಲ್ಲುತ್ತವೆ. ಇದಕ್ಕಾಗಿ ಬೆಲೆಬಾಳುವ ಮಸೂರಗಳ ಅವಶ್ಯಕತೆಯಿಲ್ಲ. ಬೇಗನೆ ಏಳುವ ಅಭ್ಯಾಸವೊಂದಿದ್ದರೆ ಸಾಕು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯವಾಗುವುದು ಏಳು ಗಂಟೆಯ ಹತ್ತಿರ; ಆದ್ದರಿಂದ ಆ ಅಭ್ಯಾಸವೂ ಅಷ್ಟು ಕಷ್ಟದ್ದಲ್ಲ.

ಇನ್ನು ಮಂಜು. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ಭೂಮಿಯು ಹಗಲಿನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿಯೂ ತಣಿದು, ಗಾಳಿಯೊಳಗಿನ ತೇವವು ಸಣ್ಣ ಹನಿಗಳಾಗಿ ತಗ್ಗಿನಲ್ಲಿ, ಕೆರೆಯ ಮೇಲೆ, ಹಳ್ಳದ ಗುಂಟ ನಿಲ್ಲುತ್ತದೆ. ನಸುಕಿನಲ್ಲಿ ದಿಬ್ಬದ ಮೇಲೆ ನಿಂತು ನೋಡಿದರೆ ಹೊಲಗಳೆಲ್ಲ ಹಾಲಿನಲ್ಲಿ ಮುಳುಗಿ, ಬೇವಿನ ಮರಗಳ ತಲೆಗಳು ಮಾತ್ರ ಮೇಲಕ್ಕೆ ಕಾಣುತ್ತವೆ. ದೂರದ ಕಪ್ಪತಗುಡ್ಡವು ಒಂದು ನೀಲಿಯ ಗೆರೆಯಾಗಿ ನಿಂತಿರುತ್ತದೆ. ಬಿಸಿಲೇರಿದಂತೆ ಎಲ್ಲವೂ ಕರಗಿ ಹೋಗುತ್ತದೆ. ಈ ಗುಡ್ಡದ ಚಿತ್ರಗಳನ್ನು ನಾವು ಬಹಳ ವರ್ಷಗಳಿಂದ ತೆಗೆಯುತ್ತಿದ್ದೇವೆ. ಹಳೆಯ ಚಿತ್ರಗಳಲ್ಲಿ ಅದರ ನೆತ್ತಿ ಬರಿದಾಗಿದೆ. ಈಚಿನವುಗಳಲ್ಲಿ ಗಾಳಿಯಂತ್ರಗಳ ಸಾಲಿದೆ. ಔಷಧಿಯ ಸಸ್ಯಗಳಿಗೆ ಹೆಸರಾದ ಆ ಗುಡ್ಡವನ್ನು ಸರ್ಕಾರವು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು.

ಆದರೆ ಮಾಗಿಯ ನಿಜವಾದ ಸಂಪತ್ತು ಇರುವುದು ಎರೆಯ ಹೊಲದಲ್ಲಿ. ಮುಂಗಾರಿಯ ಬೆಳೆ ಮನೆಗೆ ಬಂದಿರುತ್ತದೆ. ಹಿಂಗಾರಿಯ ಜೋಳ ಆಳೆತ್ತರ ಬೆಳೆದು ತೆನೆ ಹಿರಿಯುತ್ತಿರುತ್ತದೆ. ಮಳೆಯೇ ಇಲ್ಲದ ದಿನಗಳಲ್ಲಿಯೂ ಎರೆಭೂಮಿಯು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡ ತೇವದಿಂದ ಈ ಬೆಳೆಯನ್ನು ಸಾಕುತ್ತದೆ. ಹೊಲದ ಅಂಚಿಗೆ ಕುಸುಬೆಯ ಸಾಲು. ಅದರ ಮುಳ್ಳಿಗೆ ಅಂಜಿ ದನಗಳು ಒಳಗೆ ಕಾಲಿಡುವುದಿಲ್ಲ. ಅಟ್ಟದ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುವ ಹುಡುಗರು. ಬದುವಿನಲ್ಲಿ ಕುಳ್ಳಿನ ಬೆಂಕಿಯಲ್ಲಿ ಸುಡುವ ಸೀತನಿ, ಅದನ್ನು ಅಂಗೈಯಲ್ಲಿ ತಿಕ್ಕಿ ಊದುವ ಹಿರಿಯರು, ಆ ಹೊಗೆಯಲ್ಲಿ ಕೋಲಾಗಿ ಇಳಿಯುವ ಬಿಸಿಲು. ಎಳ್ಳಮಾವಾಸ್ಯೆಯ ದಿನವಂತೂ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ, ಎಣ್ಣೆಗಾಯಿ, ಕಡುಬುಗಳ ಬುತ್ತಿ ಹೊತ್ತು ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಲ್ಲಿ ಮನೆಮಂದಿಯೆಲ್ಲ ಕುಳಿತು ಉಣ್ಣುವ ಆ ದೃಶ್ಯವನ್ನು ಎಷ್ಟು ಸಲ ತೆಗೆದರೂ ನಮಗೆ ಬೇಸರ ಬಂದದ್ದಿಲ್ಲ. ಪ್ರತಿವರ್ಷವೂ ಪಂಕ್ತಿಯಲ್ಲಿ ಒಂದು ಹೊಸ ಮುಖ ಸೇರಿರುತ್ತದೆ. ಒಂದು ಹಳೆಯ ಮುಖ ಇಲ್ಲವಾಗಿರುತ್ತದೆ.

ಕಡಲೆಯ ಹೊಲದ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಕಡಲೆಯ ಗಿಡದ ಎಲೆಗಳ ಮೇಲಿನ ನವಿರಾದ ರೋಮಗಳು ಒಂದು ಬಗೆಯ ಹುಳಿಯನ್ನು ಸ್ರವಿಸುತ್ತವೆ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು ಅದರಲ್ಲಿರುತ್ತವೆಂದು ವಿಜ್ಞಾನಿಗಳು ಹೇಳುತ್ತಾರೆ. ರಾತ್ರಿಯ ಇಬ್ಬನಿಯಲ್ಲಿ ಆ ಹುಳಿ ಬೆರೆತಿರುತ್ತದೆ. ಸೂರ್ಯ ಹುಟ್ಟುವ ಮೊದಲೇ ತೊಳೆದ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹಾಯಿಸಿ, ತೊಯ್ದ ಬಟ್ಟೆಯನ್ನು ಪಾತ್ರೆಯಲ್ಲಿ ಹಿಂಡಿ ನಮ್ಮ ಹಿರಿಯರು ಕಡಲೆಹುಳಿಯನ್ನು ಸಂಗ್ರಹಿಸುತ್ತಿದ್ದರು. ಹೊಟ್ಟೆನೋವು, ಅಜೀರ್ಣಗಳಿಗೆ ಅದು ಮನೆಯ ಮದ್ದು. ಮಂಜಿನೊಳಗೆ ಇಬ್ಬರು ಒಂದು ಉದ್ದನೆಯ ಬಿಳಿಯ ಬಟ್ಟೆಯ ಎರಡು ತುದಿ ಹಿಡಿದು ಹಸಿರಿನ ಮೇಲೆ ಮೆಲ್ಲಗೆ ನಡೆದು ಬರುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಈಗ ಇದನ್ನು ಮಾಡುವವರು ವಿರಳ. ಈ ಕಾಯಕದ ಒಂದು ಚಿತ್ರದ ಕಥೆಯನ್ನು ಮುಂದೆ ಹೇಳಲಿದ್ದೇವೆ.

ಮನೆಯಿಂದ ತುಸು ದೂರ ಹೋಗುವುದಾದರೆ ನಮ್ಮ ಪಯಣ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯವರೆಗೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬಂದು ಮಾಗಿಯನ್ನು ಈ ಕೆರೆಯಲ್ಲಿ ಕಳೆಯುತ್ತವೆ. ಹಗಲೆಲ್ಲ ನೀರಿನಲ್ಲಿ ವಿಶ್ರಮಿಸಿ, ಸಂಜೆ-ನಸುಕುಗಳಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಕಡಲೆ, ಶೇಂಗಾದ ಹೊಲದಲ್ಲಿ ಹಕ್ಕಿಯಿಳಿದರೆ ಒಕ್ಕಲಿಗನಿಗೆ ಹಾನಿಯೇ ಸರಿ. ಆದರೂ ಅಲ್ಲಿನ ಜನರು ಅವುಗಳನ್ನು ಅತಿಥಿಗಳೆಂದೇ ಎಣಿಸಿ ಕಾಪಾಡಿಕೊಂಡು ಬಂದಿದ್ದಾರೆ. ಸುಮಾರು ೫೦ ಹೆಕ್ಟೇರಿನ ಈ ಕೆರೆಯು ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಹಕ್ಕಿಗಳ ಚಿತ್ರಕ್ಕೆಂದು ದೊಡ್ಡ ದೊಡ್ಡ ಕ್ಯಾಮರಾಗಳನ್ನು ಹೊತ್ತು ಅಲ್ಲಿಗೆ ಬರುವವರು ಈಗ ಅನೇಕರಿದ್ದಾರೆ. ಹಕ್ಕಿಗಳ ಚಿತ್ರಗಳಿಗೆ ಇನ್ನು ಕೊರತೆಯಿಲ್ಲ. ಆ ದಂಡೆಯ ಮೇಲೆ ನಿಂತಾಗಲೇ ಒಂದು ವಿಚಾರ ನಮ್ಮನ್ನು ಬಲವಾಗಿ ಕಾಡಿತು. ಹಿಮಾಲಯದಾಚೆಯಿಂದ ಬಂದ ಹಕ್ಕಿಗೆ ಇಷ್ಟು ಚಿತ್ರಗಳಿವೆ. ಅದು ಮೇಯುವ ಹೊಲವನ್ನು ಬಿತ್ತಿದವನಿಗೆ ಎಷ್ಟಿವೆ?

ನಮ್ಮ ಸೀಮೆಗೆ ಕ್ಯಾಮರಾ ಬಂದು ಬಹಳ ಕಾಲವಾಯಿತು. ೧೮೫೦ರ ದಶಕದಲ್ಲಿಯೇ ಡಾ. ಪಿಗೌ, ಕರ್ನಲ್ ಬಿಗ್ಸ್ ಮೊದಲಾದ ಆಂಗ್ಲರು ಇಲ್ಲಿನ ಗುಡಿಗಳ ಚಿತ್ರಗಳನ್ನು ತೆಗೆದರು. ಧಾರವಾಡ ಸೀಮೆ ಹಾಗೂ ಮೈಸೂರಿನ ವಾಸ್ತುಶಿಲ್ಪವನ್ನು ಕುರಿತು ಮೆಡೋಸ್ ಟೇಲರ್ ಅವರ ಬರವಣಿಗೆಯೊಂದಿಗೆ ಆ ಚಿತ್ರಗಳು ೧೮೬೬ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಅದು ಶಿಲ್ಪಕ್ಕೆಂದೇ ಹೊರಟ ಗ್ರಂಥ. ಆ ಕೆಲಸವನ್ನು ಅದು ಸಮರ್ಥವಾಗಿ ಮಾಡಿದೆ. ಆದರೆ ಅದೇ ಕಾಲದಲ್ಲಿ ಆ ಗುಡಿಯ ಹಿಂದಿನ ಹೊಲದಲ್ಲಿ ಜೋಳ ಕೊಯ್ದವರು, ಬಾವಿಯಿಂದ ನೀರು ಹೊತ್ತವರು, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವರು ಹೇಗಿದ್ದರೆಂದು ತಿಳಿಯಲು ನಮಗೆ ಅಂಥದೊಂದು ಗ್ರಂಥವಿಲ್ಲ. ಕಲ್ಲಿನ ಕಂಬ ಇಂದಿಗೂ ನಿಂತಿದೆ. ಬೇಕಾದರೆ ನಾಳೆ ಹೋಗಿ ಅದರ ಚಿತ್ರ ತೆಗೆಯಬಹುದು. ಮನುಷ್ಯರ ವಿಷಯ ಹಾಗಲ್ಲ.

ಅಷ್ಟು ಹಿಂದಿನ ಮಾತೇಕೆ? ನಮ್ಮ ನಮ್ಮ ಮನೆಗಳ ಆಲ್ಬಮ್ಮುಗಳನ್ನೇ ತೆರೆದು ನೋಡೋಣ. ಮದುವೆ, ಸೀಮಂತ, ಗೃಹಪ್ರವೇಶ, ಜಾತ್ರೆಗಳ ಚಿತ್ರಗಳು ನೂರಾರು. ಅವುಗಳಲ್ಲಿ ಮನೆಯ ತಾಯಿಯು ಹೊಸ ಸೀರೆಯುಟ್ಟು ಸಾಲಿನ ತುದಿಯಲ್ಲಿ ನಿಂತಿರುತ್ತಾಳೆ, ಮುಖದಲ್ಲಿ ಸಂಕೋಚ. ಯಾವ ಕೈಗಳು ನಾಲ್ವತ್ತು ವರ್ಷ ರೊಟ್ಟಿ ಬಡಿದು ಮನೆಯನ್ನು ನಡೆಸಿದವೋ ಆ ಕೈಗಳು ಕೆಲಸದಲ್ಲಿರುವ ಒಂದು ಚಿತ್ರವೂ ದೊರೆಯುವುದಿಲ್ಲ. ನಮ್ಮ ಅವ್ವನವರದು ಇರುವುದು ಒಂದೇ ಭಾವಚಿತ್ರ. ಸ್ಟುಡಿಯೋದಲ್ಲಿ, ಸರೋವರವನ್ನು ಬಿಡಿಸಿದ ಪರದೆಯ ಮುಂದೆ, ಕುರ್ಚಿಯ ಮೇಲೆ ಅವರು ನೆಟ್ಟಗೆ ಕುಳಿತಿದ್ದಾರೆ. ಅಂಥ ಸರೋವರವನ್ನು ಅವರು ಜೀವಮಾನದಲ್ಲಿ ಕಂಡವರಲ್ಲ. ಹಾಗೆ ಕುರ್ಚಿಯ ಮೇಲೆ ಕುಳಿತದ್ದನ್ನೂ ನಾವು ಬೇರೆಂದೂ ನೋಡಿಲ್ಲ. ಮೊಮ್ಮಕ್ಕಳು ಆ ಚಿತ್ರವನ್ನು ತೋರಿಸಿ, "ಅಜ್ಜಿ ಹೇಗಿದ್ದರು?" ಎಂದು ಕೇಳಿದಾಗ ಚಿತ್ರವನ್ನು ಬದಿಗಿಟ್ಟು ಬಾಯಿಂದಲೇ ವರ್ಣಿಸಬೇಕಾಗುತ್ತದೆ.

ಈಗ ಕಡಲೆಹುಳಿಯ ಆ ಚಿತ್ರದ ಕಥೆ. ಊರಂಚಿನ ಒಬ್ಬ ಹಿರಿಯ ಒಕ್ಕಲಿಗರು ತಮ್ಮ ಹೊಲದಲ್ಲಿ ಪ್ರತಿವರ್ಷ ಒಂದೆರಡು ಸೀಸೆಯಷ್ಟು ಹುಳಿ ತೆಗೆಯುತ್ತಿದ್ದರು. ಒಂದು ಮಾಗಿಯಲ್ಲಿ ಅವರ ಅಪ್ಪಣೆ ಪಡೆದು ನಾಲ್ಕು ದಿನ ನಸುಕಿನಲ್ಲಿ ಹೋದೆವು. ಮೊದಲ ದಿನಗಳಲ್ಲಿ ಅವರ ಗಮನವೆಲ್ಲ ಕ್ಯಾಮರಾದ ಕಡೆಗೇ ಇತ್ತು. ನಾಲ್ಕನೆಯ ದಿನ ನಾವಿರುವುದನ್ನೇ ಮರೆತು ಕೆಲಸದಲ್ಲಿ ತೊಡಗಿದರು. ಬಟ್ಟೆ ಹಿಂಡುತ್ತ, ಪಾತ್ರೆ ಹಿಡಿದ ಮಡದಿಯ ಯಾವುದೋ ಮಾತಿಗೆ ಅವರು ನಕ್ಕ ಕ್ಷಣದಲ್ಲಿ ಚಿತ್ರ ದೊರಕಿತು. ವಾಡಿಕೆಯಂತೆ ಒಂದು ಪ್ರತಿಯನ್ನು ಅವರಿಗೆ ಮುಟ್ಟಿಸಿದೆವು. ಅವರು ಅದನ್ನು ಪಂಚಾಂಗದೊಳಗೆ ಇಟ್ಟುಕೊಂಡರಂತೆ. ಎರಡು ವರ್ಷಗಳ ತರುವಾಯ ಅವರು ತೀರಿಕೊಂಡರು. ಗೋಡೆಗೆ ಹಾಕಲು ಭಾವಚಿತ್ರ ಬೇಕೆಂದು ಮಕ್ಕಳು ಹುಡುಕಿದಾಗ ಸಿಕ್ಕದ್ದು ಗುರುತಿನ ಚೀಟಿಯ ಅಂಚೆಚೀಟಿಯಷ್ಟು ಚಿತ್ರ. ಅದನ್ನೇ ದೊಡ್ಡದು ಮಾಡಿಸಿದರೆ ಅದರಲ್ಲಿದ್ದುದು ಹೆದರಿದಂತೆ ಕಣ್ಣು ಬಿಟ್ಟ ಯಾರದೋ ಮುಖ. ಆಗ ಪಂಚಾಂಗದೊಳಗಿನ ಚಿತ್ರ ನೆನಪಾಗಿ ನಮ್ಮಲ್ಲಿಗೆ ಬಂದರು. ಹಳೆಯ ನೆಗೆಟಿವ್ ಹುಡುಕಿ ದೊಡ್ಡ ಪ್ರತಿ ಮಾಡಿಸಿಕೊಟ್ಟೆವು. ಅದನ್ನು ಮುಟ್ಟಿಸಿದ ದಿನ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಇವರು ನೋಡ್ರಿ ಮಾಸ್ತರ್ರ, ನಮ್ಮ ಮನಿಯವರು. ಆ ಚೀಟಿಯೊಳಗಿದ್ದವರು ಬ್ಯಾರೆ ಯಾರೋ ಅನಸ್ತಿತ್ತು" ಎಂದರು. ಕಟ್ಟಿನೊಳಗೆ ತಮ್ಮ ಕೈ ಮತ್ತು ಪಾತ್ರೆಯೂ ಬಂದಿರುವುದನ್ನು ಬೆರಳಿಟ್ಟು ಮೊಮ್ಮಗಳಿಗೆ ತೋರಿಸಿದರು.

ಹೀಗೆಂದ ಮಾತ್ರಕ್ಕೆ ಕೆಲಸದಲ್ಲಿರುವ ಚಿತ್ರವೇ ನಿಜ, ಉಳಿದುದೆಲ್ಲ ವೇಷವೆಂದು ಹೇಳಲು ನಮಗೆ ಧೈರ್ಯ ಸಾಲದು. ಶೇಂಗಾ ಬಿಡಿಸುತ್ತಿದ್ದ ಒಬ್ಬ ಹೆಣ್ಣುಮಗಳ ಚಿತ್ರ ತೆಗೆಯಲು ಕೇಳಿದಾಗ, "ಈಗ ಬ್ಯಾಡ್ರಿ ಮಾಸ್ತರ್ರ, ಹೊಲದ ಸೀರಿ ಉಟ್ಟೇನಿ" ಎಂದು ಸೆರಗು ಮುಂದೆಳೆದುಕೊಂಡರು. ಕ್ಯಾಮರಾವನ್ನು ಚೀಲದಲ್ಲಿಟ್ಟೆವು. ಸಂಕ್ರಾಂತಿಯ ದಿನ ಅವರೇ ಇಳಕಲ್ಲ ಸೀರೆಯುಟ್ಟು, ಮಗಳನ್ನು ಕರೆದುಕೊಂಡು ಮನೆಗೆ ಬಂದು ಚಿತ್ರ ತೆಗೆಸಿಕೊಂಡರು. ಬಿಸಿಲು ಓರೆಯಾಗಿದ್ದ ಹೊತ್ತು. ಟೋಪಿಸೆರಗಿನ ಕೆಂಪು ಬಹಳ ಚೆನ್ನಾಗಿ ಬಂದಿತು. ಹೊಲದ ಸೀರೆಯ ಚಿತ್ರಕ್ಕೆ ಅವರು ಇಂದಿನವರೆಗೂ ಒಪ್ಪಿಲ್ಲ. ನಾವೂ ಮತ್ತೆ ಕೇಳಿಲ್ಲ. ತಾನು ಯಾವ ರೂಪದಲ್ಲಿ ಉಳಿಯಬೇಕೆಂಬುದನ್ನು ನಿರ್ಧರಿಸುವ ಹಕ್ಕು ಮೊದಲು ಆ ಮುಖದ್ದು, ಆಮೇಲೆ ಕ್ಯಾಮರಾದ್ದು. ಬಡತನವನ್ನು ಸುಂದರ ದೃಶ್ಯವೆಂದು ತೆಗೆದುಕೊಂಡು ಹೋಗಿ ಪ್ರದರ್ಶನಕ್ಕಿಡುವುದು, ಆ ಮನೆಗೆ ಒಂದು ಪ್ರತಿಯನ್ನೂ ಕೊಡದಿರುವುದು, ಇವೆರಡೂ ನಮಗೆ ಸರಿತೋರದ ಸಂಗತಿಗಳು. ಕೇಳಿ ತೆಗೆಯುವುದು, ತೆಗೆದುದನ್ನು ಮುಟ್ಟಿಸುವುದು—ಈ ಎರಡು ನಿಯಮಗಳನ್ನು ಮಾತ್ರ ನಾವು ಬಿಟ್ಟಿಲ್ಲ.

ಈ ಕೆಲಸಕ್ಕೆ ಅವಸರವೂ ಇದೆ. ನಾವು ಮಂಜಿನ ಚಿತ್ರ ತೆಗೆಯುತ್ತಿದ್ದ ದಿಬ್ಬದ ಕೆಳಗಿನ ಹೊಲಗಳಲ್ಲಿ ಕೆಲವು ಈಗ ನಿವೇಶನಗಳಾಗಿವೆ. ಎರೆಯ ಮೇಲೆ ಕೆಂಪು ಗರಸು ಸುರಿದು ಕಲ್ಲು ನೆಟ್ಟಿದ್ದಾರೆ. ಮಾರಿದವರನ್ನು ದೂರಲಾಗದು, ಮಕ್ಕಳ ಓದು, ಮದುವೆ, ಆಸ್ಪತ್ರೆಗಳ ಖರ್ಚನ್ನು ಜೋಳದ ಬೆಲೆ ತೂಗಿಸಲಾರದು. ಅಂಥ ಒಂದು ಮನೆಯ ಮಗನು ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಕಳೆದ ವರ್ಷ ಬಂದಾಗ ತಮ್ಮ ಹೊಲದ ಹಳೆಯ ಚಿತ್ರವೇನಾದರೂ ಇದೆಯೇ ಎಂದು ಕೇಳಿದನು. ಇತ್ತು. ಎಳ್ಳಮಾವಾಸ್ಯೆಯ ಪಂಕ್ತಿಯಲ್ಲಿ ಆರು ವರ್ಷದ ಅವನೂ ಕುಳಿತಿದ್ದನು. ಎಷ್ಟೋ ಹೊತ್ತು ನೋಡಿದ ಮೇಲೆ ಅವನು ಕೇಳಿದ್ದು ತನ್ನನ್ನು ಕುರಿತಲ್ಲ. ಹಿಂದೆ ಕಾಣುವ ಬನ್ನಿಯ ಗಿಡ ಈಗಿನ ಯಾವ ರಸ್ತೆಯ ಮಗ್ಗುಲಿಗೆ ಬರುತ್ತದೆಂದು.

ನಾವು ಪ್ರಾರಂಭಿಸಿದಾಗ ಕೈಯಲ್ಲಿದ್ದುದು ಹಳೆಯದೊಂದು ಯಾಶಿಕಾ ಕ್ಯಾಮರಾ. ಒಂದು ರೋಲಿಗೆ ೩೬ ಚಿತ್ರಗಳು. ತೊಳೆಸುವ ಖರ್ಚು ಬೇರೆ. ಸಂಬಳದಲ್ಲಿ ತಿಂಗಳಿಗೊಂದು ರೋಲಿಗಿಂತ ಹೆಚ್ಚು ಸಾಧ್ಯವಿರಲಿಲ್ಲ. ಆದ್ದರಿಂದ ಗುಂಡಿ ಒತ್ತುವ ಮೊದಲು ಬಹಳ ಹೊತ್ತು ನೋಡುವ ರೂಢಿಯಾಯಿತು. ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮರಾವುಳ್ಳ ಮೊಬೈಲ್ ಇದೆ. ಖರ್ಚಿಲ್ಲದೆ ಸಾವಿರ ಚಿತ್ರ ತೆಗೆಯಬಹುದು. ಇದು ದೊಡ್ಡ ಅನುಕೂಲವೇ. ಆದರೆ ಮೊಬೈಲ್ ಕೆಟ್ಟರೆ, ಕಳೆದರೆ, ಆ ಸಾವಿರವೂ ಒಟ್ಟಿಗೆ ಹೋಗುತ್ತವೆ. ಪಂಚಾಂಗದೊಳಗಿನ ಕಾಗದದ ಚಿತ್ರ ಉಳಿದಂತೆ ಅವು ಉಳಿಯುವುದಿಲ್ಲ.

ಓದುಗ ಬಂಧುಗಳಲ್ಲಿ, ಅದರಲ್ಲಿಯೂ ಮನೆಯ ಕಿರಿಯರಲ್ಲಿ, ನಮ್ಮದೊಂದು ವಿನಂತಿಯಿದೆ. ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗಿನ ದಿನಗಳಲ್ಲಿ ಒಂದು ಬೆಳಿಗ್ಗೆ ತುಸು ಬೇಗನೆ ಎದ್ದು ಅಡುಗೆಮನೆಯ ಕಿಟಕಿಯಿಂದ ಬೆಳಕು ಯಾವ ಹೊತ್ತಿಗೆ ಒಳಗೆ ಬರುತ್ತದೆಂದು ನೋಡಿಕೊಳ್ಳಿರಿ. ಆ ಹೊತ್ತಿಗೆ ಅಲ್ಲಿ ಅವ್ವನೋ ಅಜ್ಜಿಯೋ ಕೆಲಸದಲ್ಲಿರುತ್ತಾರೆ. ಅವರ ಒಪ್ಪಿಗೆ ಕೇಳಿರಿ. "ನನ್ನದೇನು ತಗೀತೀಯೋ" ಎಂದು ನಕ್ಕರೆ ಅವಸರ ಮಾಡದೆ ಎರಡು ದಿನ ಸುಮ್ಮನೆ ಬಳಿಯಲ್ಲಿ ಕುಳಿತಿರಿ. ಚಿತ್ರ ತೆಗೆದ ಮೇಲೆ ಕಾಗದದ ಮೇಲೆ ಒಂದು ಪ್ರತಿ ಮಾಡಿಸಿ, ಅದರ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು, ತಿಥಿ, ಮಾಡುತ್ತಿರುವ ಕೆಲಸ ಇಷ್ಟನ್ನು ಬರೆಯಿರಿ. ಅಂಟಿನ ಹಾಳೆಗಳುಳ್ಳ ಆಲ್ಬಮ್ಮಿಗೆ ಹಾಕದಿರಿ, ಕಾಲಾಂತರದಲ್ಲಿ ಚಿತ್ರ ಕಿತ್ತುಬರುತ್ತದೆ. ಬಿಸಿಲು ಬೀಳುವ ಗೋಡೆಗೂ ತೂಗದಿರಿ, ಬಣ್ಣ ಹಾರುತ್ತದೆ. ಮೊದಲ ಪ್ರತಿಯನ್ನು ಚಿತ್ರದಲ್ಲಿರುವವರ ಕೈಗೇ ಕೊಡಿರಿ. ಅವರು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿರಿ.